ಹುಳು ಮುಟ್ಟದ ಏಳು ಕಂಬಗಳು

ಬಂದರು ರಸ್ತೆಯ ಪೊಲೀಸ್ ಠಾಣೆಯಲ್ಲಿ ಆಗಸ್ಟ್ 26, ಬುಧವಾರ ಮಧ್ಯಾಹ್ನ 3.40ಕ್ಕೆ ಬರೆಯಲು ಆರಂಭಿಸಿದ ಹೇಳಿಕೆ.

ಹೆಸರು: ರಸ್ತೆಯವರೆಲ್ಲ ಕರೆಯುವಂತೆ ತೇಲುಮರದ ಮೇಸ್ತ್ರಿ. ವಯಸ್ಸು: 49. ಕಸುಬು: ಸಮುದ್ರದ ದಡಕ್ಕೆ ತೇಲಿಬಂದ ಮರದಿಂದಲೂ ಕೆಡವಿದ ಕಟ್ಟಡಗಳ ಹಳೆಯ ಮರದಿಂದಲೂ ಬೆಂಚು, ಕಪಾಟು, ಕನ್ನಡಿಯ ಚೌಕಟ್ಟು ಮುಂತಾದ ಮನೆಸಾಮಾನು ಮಾಡುವುದು. ವಾಸ: ಬಂದರು ರಸ್ತೆ, ಮುಚ್ಚಿದ ಐಸ್ ಕಾರ್ಖಾನೆಯ ಹಿಂದಿನ ಶೆಡ್ಡು ಮತ್ತು ಅದಕ್ಕೆ ಅಂಟಿಕೊಂಡ ಎರಡು ಕೋಣೆ.

ನಾನು ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಆಗಸ್ಟ್ 21ರ ಶುಕ್ರವಾರ ಹನ್ನೊಂದು ಮಂದಿ ಹಮಾಲರು ಊಟ ಮಾಡಿ ಅಸ್ವಸ್ಥರಾದ ಸಂಬಂಧ ನಿನ್ನೆ ಸಂಜೆ 6 ಗಂಟೆಗೆ ಬಂಧಿಸಲಾದ ಊಟದಂಗಡಿಯ ಅಕ್ಕ ಊಟಕ್ಕೆ ಏನನ್ನೂ ಬೆರೆಸಿಲ್ಲ. ಆ ವಿಷ ಹೋದದ್ದು ನನ್ನ ಶೆಡ್ಡಿನಿಂದ. ಇಂದು ಸಂಜೆ 6ರೊಳಗೆ ಅವರನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುತ್ತಾರೆ ಎಂದು ಗೊತ್ತಾಗಿರುವುದರಿಂದ, ಅದಕ್ಕೆ ಮೊದಲೇ ನನ್ನ ಮಾತು ದಾಖಲಾಗಬೇಕೆಂದು ಕೋರುತ್ತೇನೆ.

ಅಕ್ಕನಿಗೆ 54 ವರ್ಷ. ನನಗೆ ರಕ್ತಸಂಬಂಧಿಯಲ್ಲ. ಅವರ ಊಟದಂಗಡಿ ನನ್ನ ಶೆಡ್ಡಿನಿಂದ 60 ಮೀಟರ್ ದೂರದಲ್ಲಿದೆ. ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡುತ್ತಾರೆ. ಅಡುಗೆ, ಬಡಿಸುವುದು ಅಕ್ಕನ ಕೆಲಸ. ಪಾತ್ರೆ ತೊಳೆಯುವುದು ಅವರ ಅತ್ತೆ, 71 ವರ್ಷದ ಹಿರಿಯರು. ಮೂರು ವರ್ಷಗಳಿಂದ ನಾನು ಕೊಯ್ದು ಉಳಿದ ಮರದ ತುಂಡುಗಳನ್ನು ಚೀಲದಲ್ಲಿ ತುಂಬಿ ಅವರ ಒಲೆಗೆ ಕೊಡುತ್ತಿದ್ದೇನೆ. ಮಧ್ಯಾಹ್ನದ ಊಟ ನಾನು ಅಲ್ಲೇ ಮಾಡುತ್ತೇನೆ. ಇದಕ್ಕೆ ನಮ್ಮಲ್ಲಿ ಲೆಕ್ಕವಿಲ್ಲ.

ದಡದಲ್ಲಿ ಸಿಕ್ಕ ಮರವನ್ನು ತಂದ ಕೂಡಲೇ ಕೊಯ್ಯಲಾಗದು. ಅದರೊಳಗೆ ಸಮುದ್ರದ ಉಪ್ಪು ಇರುತ್ತದೆ. ಉಪ್ಪಿದ್ದರೆ ಮೊಳೆ ತುಕ್ಕು ಹಿಡಿಯುತ್ತದೆ, ಪಾಲಿಶ್ ಕೂರುವುದಿಲ್ಲ, ಒಲೆಗೆ ಹಾಕಿದರೆ ಒಲೆಯ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಐಸ್ ಕಾರ್ಖಾನೆಯ ಹಳೆಯ ತೊಟ್ಟಿಯಲ್ಲಿ ಸಿಹಿನೀರು ತುಂಬಿ ಉಪ್ಪು ಹೋಗುವವರೆಗೆ, ಒಂದರಿಂದ ಮೂರು ತಿಂಗಳು, ಮರವನ್ನು ಮುಳುಗಿಸಿಡುತ್ತೇನೆ. ಹದಿನೈದು ದಿನಕ್ಕೊಮ್ಮೆ ನೀರು ಬದಲಿಸುತ್ತೇನೆ. ಉಪ್ಪು ಹೋಯಿತೋ ಇಲ್ಲವೋ ಎಂದು ನೋಡಲು ಮರದ ತುದಿಯನ್ನು ಎರಡು ಬೆರಳಿನಷ್ಟು ಕೊಯ್ದು, ಹೊಸ ಕೊಯ್ತದ ಮೇಲೆ ನಾಲಿಗೆ ಇಡುತ್ತೇನೆ. ಈ ಕಸುಬನ್ನು ಕಲಿಸಿದ ನನ್ನ ಸೋದರಮಾವ ಹೇಳಿಕೊಟ್ಟ ಕ್ರಮ ಇದು. ಬೇರೆ ಪರೀಕ್ಷೆ ನನಗೆ ಗೊತ್ತಿಲ್ಲ. "ಬೇರೆಯವರ ಗಂಡಂದಿರು ಅಡುಗೆಗೆ ಉಪ್ಪು ನೋಡ್ತಾರೆ, ನನ್ನವರು ಮರಕ್ಕೆ ಉಪ್ಪು ನೋಡ್ತಾರೆ" ಎಂದು ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳುವುದುಂಟು.

ಜೂನ್ 9ರಂದು ಬಿರುಗಾಳಿ ಬಂತು. ಮರುದಿನ ಬೆಳಿಗ್ಗೆ 6 ಗಂಟೆಗೆ ನಾನು ದಡಕ್ಕೆ ಹೋದೆ. ದೀಪಸ್ತಂಭದಿಂದ ಉತ್ತರಕ್ಕೆ ಸುಮಾರು 2 ಕಿ.ಮೀ. ದೂರದಲ್ಲಿ ಏಳು ಮರದ ಕಂಬಗಳು ಮರಳಿನಲ್ಲಿ ಬಿದ್ದಿದ್ದವು. ಒಂದೊಂದೂ ಒಂಬತ್ತು ಅಡಿ ಉದ್ದ, ಎಂಟು ಇಂಚು ದಪ್ಪ, ದುಂಡಾಗಿ ಒಂದೇ ಅಳತೆಯವು. ದೋಣಿ ಕಟ್ಟುವ ಯಾವುದೋ ಹಳೆಯ ದಕ್ಕೆಯ ಕಂಬಗಳೆಂದು ನೋಡಿದ ಕೂಡಲೇ ಗೊತ್ತಾಯಿತು. ಕೈಗಾಡಿಯಲ್ಲಿ ನಾಲ್ಕು ಸಲ ಓಡಾಡಿ ಎಲ್ಲವನ್ನೂ ತಂದೆ. ಮೊದಲ ಸಲ ಗಾಡಿ ತಳ್ಳುವಾಗ ನಾನು ಹಾಡು ಗುನುಗುತ್ತಿದ್ದೆನೆಂದು ದಾರಿಯಲ್ಲಿ ಕಂಡವರು ಆಮೇಲೆ ಹೇಳಿದರು.

ಸಂತೋಷಕ್ಕೆ ಕಾರಣವಿತ್ತು. ಆ ಏಳು ಕಂಬಗಳಲ್ಲಿ ಒಂದರಲ್ಲೂ ಹುಳು ಕೊರೆದ ತೂತು ಇರಲಿಲ್ಲ. ಸಮುದ್ರದಲ್ಲಿ ಬಿದ್ದ ಮರವನ್ನು ಹುಳು ಬಿಡುವುದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನನಗೆ ಸಿಕ್ಕ ಮರಗಳಲ್ಲಿ ಅರ್ಧಕ್ಕೂ ಹೆಚ್ಚು ಜಲ್ಲಡಿಯಂತೆ ಇದ್ದವು. ಕೊಯ್ದು ನೋಡಿದರೆ ಒಳಗೆ ತೆಳುವಾದ ಹಸಿರು ಛಾಯೆ ಇತ್ತು. ಪಾಚಿಯ ಬಣ್ಣ ಒಳಗೆ ಇಳಿದಿದೆ ಎಂದುಕೊಂಡೆ. ಪ್ರತಿ ಕಂಬದ ಒಂದು ತುದಿಯಲ್ಲಿ ಚೌಕಾಕಾರವಾಗಿ ನಾಲ್ಕು ಮೊಳೆ ತೂತುಗಳಿದ್ದವು. ಏನನ್ನೋ ಹೊಡೆದಿದ್ದು ಉದುರಿಹೋಗಿರಬೇಕು ಎಂದಷ್ಟೇ ಭಾವಿಸಿದೆ. ನೋಡಲು ಚೆನ್ನಾಗಿದ್ದುದರಿಂದ ಆ ತೂತುಗಳನ್ನು ಮುಚ್ಚದೆ ಕನ್ನಡಿಯ ಚೌಕಟ್ಟಿನಲ್ಲಿ ಹಾಗೆಯೇ ಉಳಿಸಿದೆ.

ಜೂನ್ 12ರಂದು ಕಂಬಗಳನ್ನು ತೊಟ್ಟಿಗೆ ಹಾಕಿದೆ. ಜುಲೈ 20ರಂದು, ಅಂದರೆ 38 ದಿನಕ್ಕೆ, ತುದಿ ಕೊಯ್ದು ನಾಲಿಗೆ ಇಟ್ಟು ನೋಡಿದೆ. ಉಪ್ಪು ಇರಲಿಲ್ಲ. ಹಳೆಯ ತಾಮ್ರದ ನಾಣ್ಯವನ್ನು ಬಾಯಲ್ಲಿ ಇಟ್ಟುಕೊಂಡಂಥ ಒಂದು ರುಚಿ ಇತ್ತು. ಅದು ಉಪ್ಪಲ್ಲವಾದ್ದರಿಂದ ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ. ಏಳೂ ಕಂಬಗಳನ್ನು ಹೀಗೆಯೇ ನೋಡಿ ಮೇಲೆ ತೆಗೆದು ನೆರಳಿನಲ್ಲಿ ಒಣಗಿಸಿದೆ.

ಆಗಸ್ಟ್ 3ರಿಂದ 11ರವರೆಗೆ ನಾಲ್ಕು ಕಂಬಗಳನ್ನು ಕೊಯ್ದೆ. ಅವುಗಳಿಂದ ಒಂದು ಬೆಂಚು, ಎರಡು ಗೋಡೆ ಕಪಾಟು, ಒಂದು ಕನ್ನಡಿಯ ಚೌಕಟ್ಟು ಮಾಡಿದೆ. ಬೆಂಚು ಪಶುವೈದ್ಯರ ಹೊರಕೋಣೆಗೆ, ಕಪಾಟುಗಳು ಪುಸ್ತಕ ಕಟ್ಟುವವರಿಗೆ, ಚೌಕಟ್ಟು ದರ್ಜಿಯವರ ಅಂಗಡಿಗೆ ಹೋಗಿವೆ. ಚೌಕಟ್ಟನ್ನು ನೋಡಿ ನನ್ನ ಹೆಂಡತಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು, ನಮ್ಮ ಮನೆ ಬಾಗಿಲಿಗೆ ಮೊದಲು ಅಗಳಿ ಹಾಕಿ" ಎಂದಳು. ಮೂರು ಕಂಬಗಳು ಶೆಡ್ಡಿನಲ್ಲೇ ಇವೆ. ಎಲ್ಲಕ್ಕಿಂತ ನಯವಾದ ಒಂದು ತುಂಡಿನಿಂದ ಅಕ್ಕನಿಗೆಂದು ತರಕಾರಿ ಹೆಚ್ಚುವ ಮಣೆ ಮಾಡಿದ್ದೆ. ಅದಕ್ಕೆ ಎರಡನೆಯ ಸಲ ಎಣ್ಣೆ ಹಚ್ಚುವುದು ಬಾಕಿ ಇತ್ತು, ಹಾಗಾಗಿ ಕೊಟ್ಟಿರಲಿಲ್ಲ.

ಕೊಯ್ಯುವ ಹಾಗೂ ಉಜ್ಜುವ ಕೆಲಸ ನಡೆದ ದಿನಗಳಲ್ಲಿ ನನ್ನ ನಾಲಿಗೆಯ ಮೇಲೆ ಹುಣ್ಣುಗಳಾದವು. ಆಗಸ್ಟ್ 9ರಂದು ಮೂಗಿನಿಂದ ರಕ್ತ ಬಂತು. 13ರಂದು ದವಾಖಾನೆಗೆ ಹೋದೆ. ಉಷ್ಣ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಆ ಚೀಟಿಯನ್ನು ಇದರೊಂದಿಗೆ ಕೊಟ್ಟಿದ್ದೇನೆ.

ಆಗಸ್ಟ್ 12ರಂದು ಬೆಳಿಗ್ಗೆ 9.30ಕ್ಕೆ ಈ ಕಂಬಗಳ ಉಳಿಕೆ ತುಂಡುಗಳ ಮೊದಲ ಚೀಲವನ್ನು ಅಕ್ಕನ ಒಲೆಮನೆಗೆ ಒಯ್ದೆ. ಎರಡನೆಯ ಚೀಲವನ್ನು 17ರಂದು ಕೊಟ್ಟೆ. ಮೊದಲ ಚೀಲ ಸುರಿದಾಗ ಅಕ್ಕ, "ಏನಪ್ಪಾ ಮೇಸ್ತ್ರಿ, ಈ ಸಲ ಬಣ್ಣದ ಕಟ್ಟಿಗೆ? ನನ್ನ ಒಲೆಗೇನು ಮದುವೇನಾ?" ಎಂದು ಕೇಳಿದರು. ಅದಕ್ಕೆ ನಾನು, "ಹುಳಾನೂ ಮುಟ್ಟದ ಮರ ಕಣಕ್ಕಾ, ನಿನ್ನ ಒಲೆ ಪುಣ್ಯ ಮಾಡಿದೆ" ಎಂದೆ. ಇದು ನನ್ನ ಬಾಯಿಂದ ಬಂದ ಮಾತು. ಹುಳು ಕೂಡ ತಿನ್ನದ ಮರ ಯಾಕೆ ಹಾಗಿದೆ ಎಂದು ಆ ಕ್ಷಣಕ್ಕೂ ನನಗೆ ಪ್ರಶ್ನೆ ಬರಲಿಲ್ಲ.

ಅಕ್ಕನ ಅತ್ತೆ ಪಾತ್ರೆ ತಿಕ್ಕುವುದು ಬೂದಿಯಲ್ಲಿ. ಒಲೆಯ ಬೂದಿಯನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಎಣ್ಣೆಯ ಹಳೆಯ ಡಬ್ಬಿಯಲ್ಲಿ ತುಂಬಿಡುತ್ತಾರೆ. ಸೋಪು ತಂದುಕೊಟ್ಟರೆ, ಅದರ ವಾಸನೆ ಅನ್ನಕ್ಕೆ ಬರುತ್ತದೆ ಎಂದು ಮುಟ್ಟುವುದಿಲ್ಲ. ಈ ವಿಷಯದಲ್ಲಿ ಅತ್ತೆ ಸೊಸೆಗೆ ದಿನವೂ ಮಾತಾಗುತ್ತದೆ, ಆದರೆ ಒಬ್ಬರಿಗೊಬ್ಬರು ನೇರವಾಗಿ ಹೇಳುವುದಿಲ್ಲ. ಊಟಕ್ಕೆ ಕುಳಿತ ನಮಗೆ ಹೇಳುತ್ತಾರೆ. "ನೋಡಪ್ಪಾ, ಕೆಲವರಿಗೆ ಇಪ್ಪತ್ತು ವರ್ಷ ಆದ್ರೂ ಪಾತ್ರೆ ಹೊಳೆಯೋದು ಹೇಗೆ ಅಂತ ಗೊತ್ತಾಗಲ್ಲ" ಎಂದು ಅತ್ತೆ ನನಗೆ ಹೇಳಿದರೆ, "ಮೇಸ್ತ್ರಿ, ಕೆಲವರ ಕೈಯಲ್ಲಿ ಪಾತ್ರೆ ಹೊಳೀತದೆ, ಪಾತ್ರೆ ತಳ ಮಾತ್ರ ಸವೆದು ಹಾಳೆ ಆಗ್ತದೆ" ಎಂದು ಅಕ್ಕ ನನಗೇ ಹೇಳುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತು ಆ ಅಂಗಡಿಗೆ ಹೊಂದುವುದಿಲ್ಲ. ಅಲ್ಲಿ ಇಬ್ಬರದೂ ಒಟ್ಟಿಗೇ ನಡೆಯುತ್ತದೆ.

ಆಗಸ್ಟ್ 19, ಬುಧವಾರ ಮಧ್ಯಾಹ್ನ 1.20ಕ್ಕೆ ನಾನು ಅಂಗಡಿಯ ಎರಡನೆಯ ಬೆಂಚಿನಲ್ಲಿ ಕುಳಿತಿದ್ದೆ. ಹಮಾಲರ ಮುಖಂಡ, ದೊಡ್ಡಣ್ಣ ಎಂದು ಕರೆಸಿಕೊಳ್ಳುವವರು, ಬೇಳೆಯ ಬಟ್ಟಲನ್ನು ಎತ್ತಿ ಹಿಡಿದು, "ಅಕ್ಕಾ, ಈ ಬೇಳೇಲಿ ಬೇಳೆ ಎಲ್ಲಿ ಹೋಯ್ತು? ಮುಖ ಕಾಣ್ತಾ ಇದೆ, ಕೂತ್ಕೊಂಡು ಮೀಸೆ ತಿರುವಬಹುದು" ಎಂದರು. ಅಕ್ಕ ಸೌಟು ಕೆಳಗಿಡದೆ, "ಮೀಸೆ ಇದ್ದೋರಿಗೆ ತಾನೇ ಆ ಚಿಂತೆ! ತಡಿ, ನಾಡಿದ್ದು ಗಟ್ಟಿಯಾಗೇ ಬಡಿಸ್ತೀನಿ. ತಿಂದೋರು ಎದ್ದು ಹೋಗ್ಬಾರ್ದು, ಹೊತ್ಕೊಂಡು ಹೋಗ್ಬೇಕು, ಹಂಗೆ" ಎಂದರು. ಎಲ್ಲರೂ ನಕ್ಕರು. ದೊಡ್ಡಣ್ಣನವರೂ ನಕ್ಕರು, ಅವರಿಗೆ ನೆತ್ತಿಗೆ ಹತ್ತಿ ಪಕ್ಕದವರು ಬೆನ್ನು ತಟ್ಟಬೇಕಾಯಿತು. ನಾಡಿದ್ದು ಎಂದರೆ ಶುಕ್ರವಾರ. ಆಸ್ಪತ್ರೆಯಿಂದ ಅವರು ಕೊಟ್ಟ ದೂರಿನಲ್ಲಿ ಅಕ್ಕನ ಈ ಮಾತು ಇದೆ ಎಂದು ಕೇಳಿದ್ದೇನೆ. ನಗು ಅದರಲ್ಲಿ ಇಲ್ಲವೆಂದೂ ಕೇಳಿದ್ದೇನೆ. ಆದ್ದರಿಂದ ಅದನ್ನು ಇಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಡಬ್ಬಿಯಲ್ಲಿದ್ದ ಹಳೆಯ ಬೂದಿ 20ರ ಗುರುವಾರ ಮುಗಿಯಿತು. ಅಂದು ಸಂಜೆ ಅತ್ತೆ ನನ್ನ ಕಂಬಗಳ ಬೂದಿಯನ್ನು ಸೋಸಿ ತುಂಬಿದರು. 21ರ ಶುಕ್ರವಾರ ಬೆಳಿಗ್ಗೆ 5 ಗಂಟೆಯಿಂದ ಬೀದಿಗೆ ನೀರು ಬರಲಿಲ್ಲ, ಪಂಪು ಕೆಟ್ಟಿತ್ತು. ಅಂಗಡಿಯಲ್ಲಿ ಒಂದೇ ಡ್ರಮ್ಮು ನೀರಿತ್ತು, ಅಡುಗೆಗೂ ಅದೇ ಆಗಬೇಕು. ಹಾಗಾಗಿ ಯಾವಾಗಲೂ ಮೂರು ನೀರಿನಲ್ಲಿ ತೊಳೆಯುವ ಪಾತ್ರೆಗಳನ್ನು ಅಂದು ಒಂದೇ ನೀರಿನಲ್ಲಿ ತೊಳೆದರು. ಬೇಳೆ ಬೇಯಿಸುವ ದೊಡ್ಡ ಪಾತ್ರೆಯನ್ನೂ ಹಾಗೆಯೇ ತೊಳೆದರು. ಈ ಸಂಗತಿಯನ್ನು ಅತ್ತೆಯೇ ಇಂದು ಬೆಳಿಗ್ಗೆ ನನಗೆ ಹೇಳಿದ್ದು.

ಶುಕ್ರವಾರ ಹಮಾಲರು 12.45ಕ್ಕೆ ಊಟಕ್ಕೆ ಕುಳಿತರು. ಬೇಳೆ ನಿಜವಾಗಿಯೂ ಗಟ್ಟಿಯಾಗಿತ್ತು. ನನಗೆ ನಾಲಿಗೆಯ ಹುಣ್ಣಿನಿಂದ ಖಾರ ತಿನ್ನಲಾಗುತ್ತಿರಲಿಲ್ಲ, ಅಲ್ಲೇ ಕುಳಿತು ಚಹಾ ಮಾತ್ರ ಕುಡಿದೆ. ಅತ್ತೆ ಮಧ್ಯಾಹ್ನ ಬರಿಯ ಬ್ರೆಡ್ಡು ತಿನ್ನುತ್ತಾರೆ. ಅಕ್ಕ ಎಲ್ಲರದೂ ಮುಗಿದ ಮೇಲೆ, 3 ಗಂಟೆಯ ನಂತರವೇ ಊಟ ಮಾಡುವವರು. 2.10ಕ್ಕೆ ಮೊದಲನೆಯವರು ಗೋಡೌನಿನ ಮೆಟ್ಟಿಲ ಮೇಲೆ ವಾಂತಿ ಮಾಡಿದರು. 2.30ರ ಹೊತ್ತಿಗೆ ಹನ್ನೊಂದೂ ಮಂದಿ ಬಿದ್ದಿದ್ದರು. ಸಾಮಾನು ಸಾಗಿಸುವ ಆಟೋದಲ್ಲಿ ಮೂರು ಸಲ ಆಸ್ಪತ್ರೆಗೆ ಸಾಗಿಸಿದೆವು. ಮೂರು ಸಲವೂ ಅಕ್ಕ ಆಟೋದಲ್ಲಿ ಇದ್ದರು. ಎರಡನೆಯ ಸಲ ದೊಡ್ಡಣ್ಣನವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಡುಗೆ ಮಾಡಿದವಳೇ ಊಟ ಮಾಡಿಲ್ಲ ಎಂದು ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಅಂದರು. ಅದು ನಿಜ, ಅವರು ಅಂದು ಇಡೀ ದಿನ ಏನೂ ತಿನ್ನಲಿಲ್ಲ.

22ರಂದು ಅಂಗಡಿಗೆ ಬೀಗ ಮುದ್ರೆ ಬಿತ್ತು. ಹಿಂದಿನ ಮನೆಯೂ ಹಿತ್ತಲೂ, ಹಿತ್ತಲಿನಲ್ಲಿದ್ದ ಬೂದಿಯ ಡಬ್ಬಿಯೂ ಮುದ್ರೆಯ ಹೊರಗೆ ಉಳಿದವು. 23ರ ಭಾನುವಾರ ಹಿತ್ತಲಿನ ಬೂದಿಗುಂಡಿಯ ಹತ್ತಿರ ಪಕ್ಕದ ಮನೆಯ ಆಡು ಸತ್ತುಬಿತ್ತು. ಪ್ಲಾಸ್ಟಿಕ್ ತಿಂದಿರಬೇಕು ಎಂದು ಎಳೆದು ಹೂಳಿದರು. 25ರ ಮಂಗಳವಾರ, ರೋಗಿಗಳ ಹೊಟ್ಟೆಯಲ್ಲಿ ಲೋಹದ ವಿಷ ಇರುವಂತಿದೆ ಎಂದು ವೈದ್ಯರು ತಿಳಿಸಿದರು. ಪಾತ್ರೆ ಯಾವುದರಲ್ಲಿ ತೊಳೆದಿರಿ ಎಂದು ಪೊಲೀಸರು ಕೇಳಿದಾಗ ಅಕ್ಕ, ನಾನೇ ತೊಳೆದೆ, ಸೋಪಿನಲ್ಲಿ ತೊಳೆದೆ ಎಂದು ಹೇಳಿದರಂತೆ. ಅಂಗಡಿಯಲ್ಲಿದ್ದ ಸೋಪು ಕಾಗದವನ್ನೇ ಬಿಚ್ಚದೆ ಹಾಗೇ ಇದ್ದುದರಿಂದ, ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಸಂಜೆ 6ಕ್ಕೆ ಬಂಧಿಸಿದರು. ಸುದ್ದಿ ಕೇಳಿ ನನ್ನ ಹೆಂಡತಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಇದು ಹಂಗೇ ಆಯ್ತು" ಎಂದಳು. ಎತ್ತು ಯಾವುದು ಎಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇಂದು ಬೆಳಿಗ್ಗೆ 8.15ಕ್ಕೆ ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಅಕ್ಕನ ಅತ್ತೆಯನ್ನು ನೋಡಲು ಹೋದೆ. ಅವರು ಹಿತ್ತಲಿನಲ್ಲಿ ಕುಳಿತು ಮನೆಯ ಪಾತ್ರೆಗಳನ್ನು ತಿಕ್ಕುತ್ತಿದ್ದರು. ಯಾವುದೂ ಕೊಳೆಯಾಗಿರಲಿಲ್ಲ. ನಿನ್ನೆಯಿಂದ ನಾಲ್ಕನೆಯ ಸಲ ತಿಕ್ಕುತ್ತಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ಅವರ ಬೆರಳುಗಳು ಬಿರುಕು ಬಿಟ್ಟು ಕೆಂಪಗಾಗಿದ್ದವು. ಏನಾಯಿತು ಎಂದು ಕೇಳಿದೆ. "ನಿನ್ನ ಬೂದಿ ಕಣೋ ಮೇಸ್ತ್ರಿ. ಇಂಥ ಬೂದಿ ನಾನು ಕಂಡಿಲ್ಲ. ಕೈ ಕಚ್ತದೆ, ಆದ್ರೆ ಪಾತ್ರೆ ಕನ್ನಡಿ ಆಗ್ತದೆ" ಎಂದರು. ಆಮೇಲೆ, ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೆಂದೂ, ಸೊಸೆ ಬೈಯ್ಯದಿದ್ದರೆ ಹೊತ್ತೇ ಹೋಗುವುದಿಲ್ಲವೆಂದೂ ಹೇಳಿದರು.

ಡಬ್ಬಿಯಲ್ಲಿದ್ದ ಬೂದಿಯನ್ನು ನೋಡಿದೆ. ಬೂದಿಯ ಬಣ್ಣ ಬಿಳಿಯಲ್ಲ, ಹಸಿರು ಮಿಶ್ರಿತ. ಅಭ್ಯಾಸಬಲದಿಂದ ಒಂದು ಚಿಟಿಕೆ ಬೆರಳಿಗೆ ತೆಗೆದುಕೊಂಡು ನಾಲಿಗೆಯ ಹತ್ತಿರ ತಂದೆ. ನಾಲಿಗೆ ಉರಿಯುತ್ತಿದ್ದುದರಿಂದ ಅಲ್ಲಿಗೇ ಕೈ ನಿಲ್ಲಿಸಿದೆ. ಹುಣ್ಣು ಎಂದಿನಿಂದ ಆಯಿತು ಎಂದು ಲೆಕ್ಕ ಹಾಕಿದೆ. ಆಡು ಸತ್ತ ಜಾಗ ಬೂದಿಗುಂಡಿಯಿಂದ ಎರಡು ಅಡಿ ದೂರದಲ್ಲಿತ್ತು. ಇನ್ನು ಪಾತ್ರೆ ಮುಟ್ಟಬೇಡಿ ಎಂದಷ್ಟೇ ಅತ್ತೆಗೆ ಹೇಳಿ, ಕಾರಣ ಹೇಳದೆ ಹೊರಟೆ. ಡಬ್ಬಿಯಿಂದ ಒಂದು ಹಿಡಿ ಬೂದಿಯನ್ನು ಕಾಗದದಲ್ಲಿ ಕಟ್ಟಿಕೊಂಡೆ.

ನನ್ನ ಶೆಡ್ಡಿನಿಂದ 400 ಮೀಟರ್ ದೂರದಲ್ಲಿ, ದಕ್ಕೆ ಕಟ್ಟುವ ಕೆಲಸದಿಂದ ನಿವೃತ್ತರಾದ ಮೇಸ್ತ್ರಿಯೊಬ್ಬರು ಇದ್ದಾರೆ. ವಯಸ್ಸು 76. ಜೀವಮಾನವೆಲ್ಲ ನೀರಿನಲ್ಲಿ ಕಂಬ ಹೂಳಿದವರಾದ್ದರಿಂದ ಕಂಬದಜ್ಜ ಎಂದು ಕರೆಯುತ್ತಾರೆ. 9.10ಕ್ಕೆ ಅವರ ಮನೆಗೆ ಹೋಗಿ ಮರದ ತುಂಡು ತೋರಿಸಿದೆ. ಅವರು ಕನ್ನಡಕ ಹಾಕಿಕೊಳ್ಳುವ ಮುಂಚೆಯೇ, "ಇದು ನಮ್ಮದೇ ಮರ. ಔಷಧಿ ಕುಡಿಸಿದ್ದು" ಎಂದರು. ಯಾವ ಔಷಧಿ ಎಂದು ಕೇಳಿದೆ. "ತಾಮ್ರ, ಪಾಷಾಣ, ಇನ್ನೂ ಏನೇನೋ. ದೊಡ್ಡ ಕೊಳವೇಲಿ ಹಾಕಿ ಒತ್ತಿ ತುಂಬ್ತಾರೆ. ಹುಳ ತಿನ್ನಬಾರ್ದು ಅಂತಾನೇ ತುಂಬೋದು" ಎಂದರು. ಪಾಷಾಣವೆಂದರೆ ಆರ್ಸೆನಿಕ್ ಎಂದು ನನಗೆ ಆಸ್ಪತ್ರೆಯಲ್ಲಿ ಆಮೇಲೆ ತಿಳಿಯಿತು.

ಅಜ್ಜನವರು ನಗುತ್ತಾ, "ಹುಳ ನಿನಗಿಂತ ಬುದ್ಧಿವಂತ ಕಣಯ್ಯಾ" ಎಂದರು. ಉಳಿದ ತುಂಡುಗಳನ್ನು ಒಲೆಗೆ ಕೊಟ್ಟಿದ್ದೇನೆ ಎಂದು ನಾನು ಹೇಳಿದಾಗ ಅವರ ನಗು ನಿಂತಿತು. "ಸುಟ್ಯಾ? ಸುಟ್ರೆ ಆ ವಿಷ ಎಲ್ಲ ಬೂದೀಲಿ ಉಳೀತದೆ. ಸುಡಬಾರ್ದು ಅಂತ ಒಂದೊಂದು ಕಂಬಕ್ಕೂ ತಗಡು ಹೊಡೆದಿದ್ವಲ್ಲೋ, ನಾಲ್ಕು ಮೊಳೆ ಹಾಕಿ" ಎಂದರು. ಇದನ್ನು ಯಾರನ್ನಾದರೂ ಕೇಳಬಾರದಿತ್ತೇ ಎಂದರು.

ಅಲ್ಲಿಂದ ಮನೆಗೆ ಹೋಗಿ ಹೆಂಡತಿಗೆ ವಿಷಯ ತಿಳಿಸಿದೆ. ಅವಳು ಒಲೆಯ ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹೆಚ್ಚುವ ಮಣೆಯನ್ನು ಹಳೆಯ ಬಟ್ಟೆಯಲ್ಲಿ ಹಿಡಿದು ತಂದು ಹೊರಗಿಟ್ಟಳು. 11 ಗಂಟೆಗೆ ಆಸ್ಪತ್ರೆಗೆ ಹೋದೆ. ವೈದ್ಯರು ಸಿಕ್ಕಿದ್ದು 1.30ಕ್ಕೆ. ಅವರು ಬೂದಿಯನ್ನು ನೋಡಿ ಸ್ವಲ್ಪ ತೆಗೆದಿಟ್ಟುಕೊಂಡು, ನನ್ನ ನಾಲಿಗೆ ನೋಡಿ, ಉಗುರು ಮತ್ತು ಕೂದಲು ಕತ್ತರಿಸಿಕೊಂಡು, ಈಗಲೇ ಠಾಣೆಗೆ ಹೋಗು ಎಂದು ಚೀಟಿ ಬರೆದುಕೊಟ್ಟರು. ಒಂಬತ್ತು ಮಂದಿ ಮನೆಗೆ ಹೋಗಿದ್ದಾರೆ, ದೊಡ್ಡಣ್ಣನವರೂ ಇನ್ನೊಬ್ಬರೂ ವಾರ್ಡಿನಲ್ಲಿದ್ದಾರೆ, ಪ್ರಾಣಾಪಾಯವಿಲ್ಲ ಎಂದೂ ಹೇಳಿದರು. 2.15ಕ್ಕೆ ಠಾಣೆಗೆ ಬಂದೆ. ಸಾಹೇಬರು ಹೊರಗೆ ಹೋಗಿದ್ದರು. 3.40ರವರೆಗೆ ಬೆಂಚಿನ ಮೇಲೆ ಕುಳಿತಿದ್ದೆ.

ನಾನು ವಿಷಯ ಹೇಳಿದಾಗ ಸಾಹೇಬರು ಮೊದಲು ನಂಬಲಿಲ್ಲ. "ಬೆಳಿಗ್ಗೆಯಿಂದ ನೀನು ಮೂರನೆಯವನು. ತರಕಾರಿಯವನು ಬಂದ, ಕ್ಷೌರದವನು ಬಂದ. ರಸ್ತೆಗೆ ರಸ್ತೆಯೇ ಒಂದೊಂದು ಕಥೆ ಹೊತ್ಕೊಂಡು ಬರ್ತಿದ್ದೀರಲ್ಲ" ಎಂದರು. ವೈದ್ಯರ ಚೀಟಿ, ಮರದ ತುಂಡು, ಬೂದಿಯ ಪೊಟ್ಟಣ ಕೊಟ್ಟ ಮೇಲೆ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದರು. ನಂತರ ಬರೆಯಲು ಹೇಳಿದರು.

ಬರೆಯುತ್ತಿರುವಾಗ 4.35ಕ್ಕೆ ಅಕ್ಕನನ್ನು ಒಳಗಿನಿಂದ ವರಾಂಡಕ್ಕೆ ಕರೆತಂದು, ನಾನು ಹೇಳಿದ್ದು ನಿಜವೇ ಎಂದು ಕೇಳಲಾಯಿತು. ಅಕ್ಕ ನನ್ನನ್ನು ನೋಡಿ, "ಸುಳ್ಳು. ನಾನು ಸೋಪಲ್ಲೇ ತೊಳೆದಿದ್ದು. ಇವನಿಗೆ ಕೆಲಸ ಇಲ್ಲ, ಮರ ನೆಕ್ಕಿ ನೆಕ್ಕಿ ತಲೆ ಕೆಟ್ಟಿದೆ" ಎಂದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ತನ್ನ ಕೈಯಿಂದ ಹನ್ನೊಂದು ಜನ ಬಿದ್ರು ಅಂತ ಗೊತ್ತಾದ್ರೆ ಆ ಮುದುಕಿ ಉಳೀತಾರೇನೋ? ನಾನಾದ್ರೆ ತಡ್ಕೋತೀನಿ. ಬಾಯ್ಮುಚ್ಕೊಂಡು ಹೋಗು" ಎಂದರು. ಮೆಲ್ಲಗೆ ಹೇಳಿದರೂ ಅದು ಎಲ್ಲರಿಗೂ ಕೇಳಿಸಿತು. ಪಾತ್ರೆ ತೊಳೆದ ವಿಚಾರದಲ್ಲಿ ಅವರು ಯಾಕೆ ಹಾಗೆ ಹೇಳಿದರೆಂದು ನನಗೆ ತಿಳಿದದ್ದು ಆಗಲೇ. ಮರ ವಿಷದ್ದೆಂದು ಅವರಿಗೆ ಗೊತ್ತಿರಲಿಲ್ಲ. ಅತ್ತೆ ಒಂದೇ ನೀರಿನಲ್ಲಿ ತೊಳೆದದ್ದರಿಂದಲೇ ಬೂದಿ, ಕೊಳೆ ಉಳಿದು ಹೀಗಾಯಿತು ಎಂದು ಅವರು ತಿಳಿದಿದ್ದರು.

ನಾನು ಅಕ್ಕನಿಗೆ, ಮೂರು ನೀರಲ್ಲ, ಮೂವತ್ತು ನೀರಿನಲ್ಲಿ ತೊಳೆದಿದ್ದರೂ ಆ ಬೂದಿ ಆ ಅಂಗಡಿಗೆ ಬರಬಾರದಿತ್ತು, ತಂದವನು ನಾನು ಎಂದು ಹೇಳಿದೆ. ಅವರು ಬೈಯುತ್ತಲೇ ಇದ್ದರು. ಬಾಯಿ ತೆರೆದು ನಾಲಿಗೆ ತೋರಿಸಿದೆ. ಅವರು ಹತ್ತಿರ ಬಂದು ನೋಡಿದರು. ವರಾಂಡದ ಕಂಬಕ್ಕೆ ಒರಗಿ ನೆಲದ ಮೇಲೆ ಕುಳಿತರು.

5.05ಕ್ಕೆ ಅಕ್ಕನ ಅತ್ತೆ ಠಾಣೆಗೆ ಬಂದರು. 1.4 ಕಿ.ಮೀ. ನಡೆದು ಬಂದಿದ್ದರು. ಸೊಂಟದ ಮೇಲೆ ಬೂದಿಯ ಡಬ್ಬಿ ಇತ್ತು. ನನ್ನ ಹೆಂಡತಿ ವಿಷಯವನ್ನೆಲ್ಲ ತಿಳಿಸಿ, ಹೋಗಬೇಡಿ ಎಂದು ಹೇಳುತ್ತಾ ಅವರ ಹಿಂದೆಯೇ ಬಂದಿದ್ದಳು. ಅತ್ತೆ ಡಬ್ಬಿಯನ್ನು ಸಾಹೇಬರ ಮೇಜಿನ ಮೇಲಿಟ್ಟು, "ಬರ್ಕೊಳ್ಳಪ್ಪಾ. ತಿಕ್ಕಿದ್ದು ಈ ಕೈ. ಇವಳು ಸೋಪು ಮುಟ್ಟಿಲ್ಲ, ಪಾತ್ರೇನೂ ಮುಟ್ಟಿಲ್ಲ. ಇಪ್ಪತ್ತು ವರ್ಷದಿಂದ ನಾನು ಮುಟ್ಟೋಕೇ ಬಿಟ್ಟಿಲ್ಲ" ಎಂದರು. ಅಕ್ಕ ಎದ್ದು ನಿಂತು, "ನೋಡಿ ಸಾರ್, ಕೆಲವರಿಗೆ ಎಲ್ಲಿ ಸುಮ್ಮನಿರಬೇಕು ಅಂತಾನೂ ಗೊತ್ತಾಗಲ್ಲ" ಎಂದರು. ಅದಕ್ಕೆ ಅತ್ತೆ ಸಾಹೇಬರಿಗೇ, "ನೋಡಪ್ಪಾ, ಕೆಲವರಿಗೆ ಸುಳ್ಳು ಹೇಳೋಕೂ ಸರಿಯಾಗಿ ಬರಲ್ಲ, ಸೋಪಿನ ಕಾಗದನಾದ್ರೂ ಬಿಚ್ಚಬಾರ್ದಿತ್ತಾ?" ಎಂದರು. ಬರೆಯುತ್ತಿದ್ದ ಕಾನ್‌ಸ್ಟೆಬಲ್‌ರವರು, ಮೂವರೂ ತಪ್ಪು ನಂದು ಅಂತಿದ್ದೀರಿ, ಯಾರದ್ದು ಮೊದಲು ಬರೀಲಿ ಎಂದು ಕೇಳಿದರು. ನನ್ನದು ಎಂದೆ.

ಸಾಹೇಬರು ಡಬ್ಬಿಯನ್ನು ಇಬ್ಬರು ಸಾಕ್ಷಿಗಳ ಎದುರು ಮುಚ್ಚಿಸಿ ಮುದ್ರೆ ಹಾಕಿಸಿದರು. ಅತ್ತೆಗೆ ಕೈ ತೊಳೆದುಕೊಂಡು ಬರಲು ಹೇಳಿದರು. ಅಕ್ಕ ಹಿಂದಿನ ನಲ್ಲಿಯ ಹತ್ತಿರ ಅವರನ್ನು ಕೂರಿಸಿ ಮೊಣಕೈವರೆಗೆ ತೊಳೆದರು. ನಾನು ಬಾಗಿಲಿನಿಂದ ನೋಡುತ್ತಿದ್ದೆ.

5.40ಕ್ಕೆ ಸಾಹೇಬರು, ಅಕ್ಕನನ್ನು ಇಂದು ನ್ಯಾಯಾಧೀಶರ ಮುಂದೆ ಹಾಜರುಪಡಿಸುವಾಗ ನನ್ನ ಈ ಹೇಳಿಕೆಯಲ್ಲಿ ಅಷ್ಟರವರೆಗೆ ಬರೆದದ್ದರ ಪ್ರತಿಯನ್ನೂ ವೈದ್ಯರ ಚೀಟಿಯನ್ನೂ ಜೊತೆಗಿಟ್ಟು, ಬಿಡುಗಡೆಗೆ ತಮ್ಮ ಆಕ್ಷೇಪಣೆ ಇಲ್ಲವೆಂದು ಬರೆದುಕೊಡುವುದಾಗಿ ತಿಳಿಸಿದರು. ಬೂದಿಯ ಪರೀಕ್ಷಾ ವರದಿ ಬಂದ ಮೇಲೆ ನನ್ನ ಮೇಲೆ ಪ್ರಕರಣ ಆಗಬಹುದು, ಊರು ಬಿಟ್ಟು ಹೋಗಬಾರದು ಎಂದೂ ತಿಳಿಸಿದರು. ನಾನು ಒಪ್ಪಿದ್ದೇನೆ. ಅಕ್ಕ ಜೀಪು ಹತ್ತುವಾಗ ನನ್ನ ಕಡೆ ನೋಡಲಿಲ್ಲ. ಅವರು ಕಾನ್‌ಸ್ಟೆಬಲ್‌ರವರಿಗೆ, "ಇವನಿಗೆ ಖಾರ ಇಲ್ದೇ ಇರೋದು ಏನಾದ್ರೂ ಕೊಡಿಸಿ ಸಾರ್, ಬೆಳಿಗ್ಗೆಯಿಂದ ತಿಂದ ಹಾಗಿಲ್ಲ" ಎಂದು ಹೇಳಿದ್ದು ನನಗೆ ಕೇಳಿಸಿತು.

ನನ್ನ ಶೆಡ್ಡಿನಲ್ಲಿರುವ ಮೂರು ಕಂಬಗಳು, ಅಲ್ಲಿಯ ನೆಲದಲ್ಲಿರುವ ಮರದ ಪುಡಿ, ಮನೆಯ ಹೊರಗಿಟ್ಟಿರುವ ಹೆಚ್ಚುವ ಮಣೆ, ತೊಟ್ಟಿಯ ನೀರು, ಅಕ್ಕನ ಹಿತ್ತಲಿನ ಬೂದಿಗುಂಡಿ, ಇವನ್ನು ವಶಕ್ಕೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಬೂದಿಯನ್ನು ಚರಂಡಿಗೆ ಸುರಿಯಬಾರದು. ಬೆಂಚು, ಕಪಾಟು, ಚೌಕಟ್ಟುಗಳನ್ನು ಕೊಂಡವರ ವಿಳಾಸ ಕೊಟ್ಟಿದ್ದೇನೆ. ಅವರನ್ನು ನಾನೇ ಕಂಡು ವಾಪಸು ತರಲು ಅನುಮತಿ ಬೇಕು. ಅಕ್ಕ ಪಾತ್ರೆಯ ವಿಚಾರದಲ್ಲಿ ಹೇಳಿದ ಒಂದು ಮಾತು ನಿಜವಲ್ಲದಿದ್ದರೂ ಅದನ್ನು ಅಪರಾಧವೆಂದು ಎಣಿಸಬಾರದಾಗಿ ಪ್ರಾರ್ಥಿಸುತ್ತೇನೆ. ದೊಡ್ಡಣ್ಣನವರಿಗೆ ನಾನೇ ಹೋಗಿ ಹೇಳುತ್ತೇನೆ, ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದು ಬೇಡ.

ಮೇಲೆ ಬರೆದದ್ದನ್ನು ಕಾನ್‌ಸ್ಟೆಬಲ್‌ರವರು ನನಗೆ ನಿಧಾನವಾಗಿ ಓದಿ ಕೇಳಿಸಿದ್ದಾರೆ. ಎಲ್ಲವೂ ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ಒಂದು ಕಡೆ ಮಾತ್ರ ತಿದ್ದಿಸಿದ್ದೇನೆ. ಕೊನೆಯ ಸಾಲಿನಲ್ಲಿ ಅವರು, ಇದು ತಿಳಿಯದೆ ಆದ ತಪ್ಪು ಎಂದು ನನ್ನ ಪರವಾಗಿ ಬರೆದಿದ್ದರು. ಕಂಬದಜ್ಜನ ಮನೆ ನನ್ನ ಶೆಡ್ಡಿನಿಂದ 400 ಮೀಟರ್ ದೂರದಲ್ಲಿದೆ, ಎರಡು ತಿಂಗಳಲ್ಲಿ ಆ ಬಾಗಿಲ ಮುಂದೆ ನಾನು ನೂರು ಸಲವಾದರೂ ಹಾದುಹೋಗಿದ್ದೇನೆ. ಆದ್ದರಿಂದ 'ತಿಳಿಯದೆ' ಎಂಬುದನ್ನು ಹೊಡೆದು 'ಕೇಳದೆ' ಎಂದು ಬರೆಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ.

ಇದು ಕೇಳದೆ ಆದ ತಪ್ಪು.

ಸ್ಥಳ: ಬಂದರು ರಸ್ತೆಯ ಪೊಲೀಸ್ ಠಾಣೆ
ದಿನಾಂಕ: ಆಗಸ್ಟ್ 26, ಬುಧವಾರ, ಸಂಜೆ 6.25
(ಸಹಿ) ತೇಲುಮರದ ಮೇಸ್ತ್ರಿ